ಮದಲಗಿತ್ತಿ ಕಲ್ಲಿನ ಫೋಟೋಗಳು

ನನ್ನ ಹೆಸರು ಸೌಜನ್ಯ. ಹೆಸರಿಗೂ ನನ್ನ ಬಾಯಿಗೂ ಏನೇನೂ ಸಂಬಂಧವಿಲ್ಲ ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಹೇಳಲಿ ಬಿಡಿ. ಎರಡು ಸಾವಿರದ ಎಂಟರ ಹೊಸಪೇಟೆಯಲ್ಲಿ ಬಾಯಿ ಮೆತ್ತಗಿದ್ದವರು ಡಿಸೈನ್ ಕೆಲಸ ಮಾಡಿ ಉಳಿಯುವಂತಿರಲಿಲ್ಲ. ಅದಿರಿನ ದುಡ್ಡು ಹರಿದು ಊರಿಗೆಲ್ಲ ಬೋರ್ಡಿನ ಹುಚ್ಚು ಹಿಡಿದಿತ್ತು. ಒಬ್ಬನಿಗೆ ಲೋಗೋದಲ್ಲಿ ಹದ್ದು ಬೇಕು, ಇನ್ನೊಬ್ಬನಿಗೆ ಹದ್ದಿನ ಕಾಲಲ್ಲಿ ಟಿಪ್ಪರ್ ಬೇಕು. ಟಿಪ್ಪರ್ ಹಿಡಿದ ಹದ್ದು ಹಾರೋದು ಹೆಂಗ್ರಿ ಎಂದರೆ, "ನೀವು ಬರೀರಿ ಮೇಡಂ, ಹಾರೋದು ನಾ ನೋಡ್ಕೋತೀನಿ" ಎನ್ನುತ್ತಿದ್ದರು. ನಾನು ಬೈದುಕೊಂಡೇ ಬರೆಯುತ್ತಿದ್ದೆ.

ನನ್ನ ಇನ್ನೊಂದು ಕೆಲಸ ಫೋಟೋ ತಿದ್ದುವುದು. ಮುಚ್ಚಿದ ಕಣ್ಣು ತೆರೆಸುವುದು, ಮದುವೆಗೆ ಬಾರದ ಅಣ್ಣನನ್ನು ಗ್ರೂಪಿನಲ್ಲಿ ನಿಲ್ಲಿಸುವುದು, ತೀರಿಕೊಂಡ ಅಜ್ಜನಿಗೆ ಕೋಟು ತೊಡಿಸುವುದು. ಎಲ್ಲಿ ಕತ್ತರಿಸಿ ಎಲ್ಲಿ ಅಂಟಿಸಿದ್ದೇನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸೊಕ್ಕು ನನಗಿತ್ತು, ಸುಳ್ಳೇಕೆ ಹೇಳಲಿ.

ಆ ಏಪ್ರಿಲ್‌ನಲ್ಲಿ ಜಂಬಯ್ಯ ನನ್ನ ಅಂಗಡಿಗೆ ಬಂದರು. ಚಿತ್ತವಾಡ್ಗಿಯ 'ಉಚ್ಚೆಂಗಿ ಫೋಟೋ ಸ್ಟುಡಿಯೋ' ಅವರದು. ಉಚ್ಚೆಂಗಮ್ಮ ಅವರ ಹೆಂಡತಿ, ತೀರಿಕೊಂಡು ಆರು ವರ್ಷವಾಗಿತ್ತು. ಬಂದವರು ಕೂರುವ ಮೊದಲೇ ನನ್ನ ಗೋಡೆಯ ಮೇಲಿದ್ದ ಮಾದರಿ ಫೋಟೋ ನೋಡಿದರು. ನಾನೇ ಕೋಟು ತೊಡಿಸಿದ ಯಾರದೋ ಅಜ್ಜ.

"ಮುಖಕ್ಕ ಬೆಳಕು ಬಲಗಡಿಂದ ಬಿದ್ದೈತಿ, ಕೋಟಿಗೆ ಎಡಗಡಿಂದ" ಎಂದರು. "ಎರಡು ಸೂರ್ಯ ಹುಟ್ಟಿದ್ವೇನವ್ವ ಅವತ್ತು?"

ನನಗೆ ಮೈಯೆಲ್ಲ ಉರಿಯಿತು. ಮೂರು ವರ್ಷದಿಂದ ಆ ಫೋಟೋ ಅಲ್ಲಿದೆ, ಒಬ್ಬನೂ ಕಂಡುಹಿಡಿದಿರಲಿಲ್ಲ. ಆದರೂ ಮುದುಕರ ಕಣ್ಣಿನ ಮೇಲೆ ಅವತ್ತೇ ಗೌರವ ಬಂತು. ಅವರಿಗೆ ಹೊಸ ಬೋರ್ಡು, ಫೋಟೋ ಕವರು, ಆಲ್ಬಂ ರಟ್ಟು ಎಲ್ಲಕ್ಕೂ ಒಂದೇ ಗುರುತು ಬೇಕಿತ್ತು, ಜೊತೆಗೆ ಒಂದು ವೆಬ್‌ಸೈಟು. "ಈಗಿನ ಹುಡುಗ್ರು ಇಂಟರ್ನೆಟ್ಟಿನಾಗ ನೋಡಿ ಬರ್ತಾರಂತ. ನನ್ನ ಸ್ಟುಡಿಯೋ ಐತಿ ಅನ್ನೋದಾದ್ರೂ ತಿಳೀಲಿ."

ಹದ್ದು ಕೇಳದ ಗಿರಾಕಿ ಸಿಕ್ಕಿದ್ದೇ ನನ್ನ ಪುಣ್ಯ. ಏನು ತೋರಿಸೋಣ ಎಂದು ಅವರ ಸ್ಟುಡಿಯೋದ ಹಿಂದಿನ ಕೋಣೆಗೆ ಹೋದೆ. ಬಿಸ್ಕತ್ತಿನ ತಗಡಿನ ಡಬ್ಬಗಳು ಮಾಡಿನವರೆಗೆ, ಒಂದೊಂದರ ಮೇಲೂ ಇಸವಿಯ ಚೀಟಿ, ಒಳಗೆ ನೆಗೆಟಿವ್‌ಗಳು. ಅದರಲ್ಲಿ ಒಂದು ಸಾಲು ಪೂರ್ತಿ ಬಸರಿಮಟ್ಟಿ ಎಂಬ ಒಂದೇ ಊರಿನದು. ಬಂಡ್ರಿ ಕಡೆಯ ಆ ಸಣ್ಣ ಹಳ್ಳಿ ಉಚ್ಚೆಂಗಮ್ಮನ ತವರು. ಅಲ್ಲಿ ಮದುವೆಯಾದ ಗಂಡುಹೆಣ್ಣು ಮನೆ ಹೊಗುವ ಮುಂಚೆ ಊರ ಗಡಿಕಲ್ಲಿಗೆ ಹೋಗಬೇಕು. ಮದುಮಗಳು ಕಲ್ಲಿಗೆ ಅರಿಶಿನ ಹಚ್ಚಿ, ಅದರ ತಲೆಯ ಮೇಲೆ ಕೈಯಿಟ್ಟು ನಿಲ್ಲಬೇಕು. ಅದಕ್ಕೇ ಅದು ಮದಲಗಿತ್ತಿ ಕಲ್ಲು. ಆ ಹೊತ್ತಿನ ಫೋಟೋ ತೆಗೆಯುವುದು ಮೊದಲಿನಿಂದಲೂ ಜಂಬಯ್ಯನವರೇ. ಎದುರಿನ ಬಂಡೆಯಲ್ಲಿ ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಕುಳಿ ಕೊರೆಸಿಕೊಂಡಿದ್ದರು. ಎಪ್ಪತ್ತನಾಲ್ಕರಿಂದ ಇಲ್ಲಿಯತನಕ ಕ್ಯಾಮೆರಾ ನಿಂತದ್ದು ಆ ಕುಳಿಗಳಲ್ಲೇ. ಊರವರಿಗೆ ಕತ್ತರಿಸಿ ಕೊಡುತ್ತಿದ್ದ ಪ್ರಿಂಟಿನಲ್ಲಿ ಜೋಡಿ ಮಾತ್ರ, ಗುಡ್ಡ ಬಯಲು ಎಲ್ಲ ಇದ್ದದ್ದು ನೆಗೆಟಿವ್‌ನಲ್ಲಷ್ಟೇ.

ಮೊದಲ ಫೋಟೋ ಮಾತ್ರ ಅವರಿಗೆ ಕ್ಯಾಮೆರಾ ಕಲಿಸಿದ ಗುರು ತೆಗೆದದ್ದು. ಅದು ಅವರದೇ ಮದುವೆ. ಕಪ್ಪುಬಿಳುಪು. ಹಿಂದೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಸೀಳುಬಂಡೆ, ಕೆಳಗೆ ಒಂದು ಬೇವಿನ ಮರ, ಮರದ ಪಕ್ಕ ಕಲ್ಲು. ಕಪ್ಪು ಮೀಸೆಯ ಜಂಬಯ್ಯ ಬಿಗಿದುಕೊಂಡು ನಿಂತಿದ್ದಾರೆ. ಉಚ್ಚೆಂಗಮ್ಮ ಕಲ್ಲಿನ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ, ಹೆಗಲ ತುಂಬ ಸಣ್ಣ ಸಣ್ಣ ಎಲೆಹೂವಿನ ಸೀರೆ. ನನಗೆ ಆಕೆಯ ನಗು ಬಹಳ ಹಿಡಿಸಿತು.

ಆ ಗುಡ್ಡದ ಗೆರೆ, ಅದರ ಕೆಳಗೆ ಕಲ್ಲು, ಇಷ್ಟೇ ಲೋಗೋ. ಬಣ್ಣ ಕೆಂಪು ಮಣ್ಣಿನದು. "ಬಿಳೀ ಬೋರ್ಡ್ ಹಾಕಿದ್ರ ಲಾರಿ ಧೂಳಿಗೆ ಮೂರ ದಿನದಾಗ ಕೆಂಪಗಾಗ್ತೈತಿ ಕಾಕಾ, ನಾವ ಮೊದಲ ಕೆಂಪು ಮಾಡಿಬಿಡೋಣು" ಎಂದೆ. ಅವರು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು.

ವೆಬ್‌ಸೈಟಿನ ಮೊದಲ ಪುಟಕ್ಕೆ ಒಂದು ಆಟ ಕಟ್ಟಿದೆ. ಬಸರಿಮಟ್ಟಿಯ ಮದುವೆಗಳಿಂದ ವರ್ಷಕ್ಕೊಂದರಂತೆ ಮೂವತ್ತನಾಲ್ಕು ಫೋಟೋ. ಮೌಸ್ ಎಳೆದರೆ ವರ್ಷಗಳು ಒಂದರ ಮೇಲೊಂದು ಸರಿಯಬೇಕು, ಗುಡ್ಡ ಅಲ್ಲೇ ನಿಲ್ಲಬೇಕು, ಜೋಡಿಗಳು ಮಾತ್ರ ಬದಲಾಗಬೇಕು. ಅದಕ್ಕಾಗಿ ಎಲ್ಲ ಫೋಟೋಗಳ ಸೀಳುಬಂಡೆಯನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿದೆ. ಗಣಿಯವರು ಗುಡ್ಡದ ಒಂದು ಮಗ್ಗುಲನ್ನೇ ತಿಂದಿದ್ದರೂ ಸೀಳುಬಂಡೆ ಉಳಿದಿತ್ತು.

ಎರಡು ಸಾವಿರದ ನಾಲ್ಕರವರೆಗೆ ಎಲ್ಲ ಸರಿ. ಐದರಲ್ಲಿ ಆ ಊರಲ್ಲಿ ಮದುವೆಯಿರಲಿಲ್ಲ. ಆರಕ್ಕೆ ಬಂದ ಕೂಡಲೇ ಕಲ್ಲು ಎಡಕ್ಕೆ ಜಿಗಿಯಿತು. ಥೂ, ಸ್ಕ್ಯಾನ್ ತಪ್ಪಿದೆ ಎಂದು ಮತ್ತೆ ಮಾಡಿದೆ. ಮತ್ತೆ ಜಿಗಿಯಿತು. ಏಳರಲ್ಲೂ, ಎಂಟರಲ್ಲೂ ಕಲ್ಲು ಎಡಕ್ಕೇ ಇತ್ತು. ಆ ಮೂರರಲ್ಲೂ ಬೇವಿನ ಮರವಿರಲಿಲ್ಲ.

ಜಂಬಯ್ಯನವರನ್ನು ಕರೆದು ತೋರಿಸಿದೆ. ಅವರು ಪರದೆಯ ಮೇಲೆ ಬೇವಿದ್ದ ಜಾಗಕ್ಕೆ ಬೆರಳಿಟ್ಟರು.

"ಐದರಾಗ ಬೇವು ಕಡದ್ರು" ಎಂದರು. "ಮರ ಹೋದಮ್ಯಾಲ ಕಲ್ಲು ಎಲ್ಲಿತ್ತಂತ ಕಣ್ಣಿಗೆ ಗುರ್ತ ಇರಲಿಲ್ಲ. ಕ್ಯಾಮೆರಾ ಒಂಚೂರು ಎಡಕ್ಕ ತಿರುಗಿಸಬೇಕಾತು. ವಯಸ್ಸಾತು, ನೆನಪು ಕೈ ಕೊಡ್ತೈತಿ ಅನ್ಕೊಂಡೆ. ಹುಲುಗಿ ಬಡ್ಕೊಂಡ್ಲು, ನಾನೂ ನಂಬಲಿಲ್ಲ."

ಹುಲುಗಿ ಅಂದರೆ ಹುಲುಗಮ್ಮ, ಉಚ್ಚೆಂಗಮ್ಮನ ತಂಗಿ. ಕಲ್ಲಿಗೆ ಈಚೆ ಊರಿನ ನೆಲ, ಆಚೆ ಕಂಪನಿಯ ಗಣಿ. ಕಲ್ಲು ಎಪ್ಪತ್ತು ಹೆಜ್ಜೆ ಊರ ಕಡೆ ಬಂದಿತ್ತು, ಆ ಎಪ್ಪತ್ತು ಹೆಜ್ಜೆಯೊಳಗೆ ಊರು ಕುಡಿಯುವ ಒರತೆಯೂ ಹುಲುಗಮ್ಮನ ಮೂರೆಕರೆ ಹೊಲವೂ ಸೇರಿದ್ದವು. ಕಲ್ಲು ಸರಿಸಿದ್ದಾರೆ ಎಂದು ಆಕೆ ಅರ್ಜಿ ಬರೆಸಿ ಬರೆಸಿ ಕೊನೆಗೂ ಸರ್ವೆಗೆ ದಿನ ಗೊತ್ತಾಗಿತ್ತು. ಇನ್ನು ಹನ್ನೆರಡು ದಿನ.

ಮರುದಿನ ಜಂಬಯ್ಯನವರ ಜೊತೆ ಆಕೆಯೇ ಬಂದಳು. ನಾನು ಆಕೆಯ ಅಕ್ಕನ ಮದುವೆಯಿಂದ ಶುರುಮಾಡಿ ಮೌಸ್ ಎಳೆದೆ. ಎರಡು ಸಾವಿರದ ನಾಲ್ಕು, ಆರು. ನಾಲ್ಕು, ಆರು. ಹುಲುಗಮ್ಮ ಪರದೆಗೆ ಕೈ ಮುಗಿದಳು.

"ಮುದುಕಿಗೆ ತಲಿ ಕೆಟ್ಟೈತಿ ಅಂದ್ರವ್ವ ಎಲ್ಲಾರೂ" ಎಂದು ಅತ್ತಳು. "ನಮ್ಮಕ್ಕ ನಿಂತು ಸಾಕ್ಷಿ ಹೇಳಾಕತ್ಯಾಳ ನೋಡು."

ಹೋಗುವಾಗ ಜಂಬಯ್ಯ ನನಗೆ ಒಂದೇ ಮಾತು ಹೇಳಿದರು. "ಸರ್ವೆ ಮುಗಿಯೋತನಕ ಈ ಆಟ ಹಾಕಬ್ಯಾಡವ್ವ. ಉಳದದ್ದು ಬೇಕಾದ್ರ ಹಾಕು."

ಹೂಂ ಎಂದೆ. ಮರುದಿನ ಬೆಳಿಗ್ಗೆ ಹಾಕಿದೆ.

ಯಾಕೆ ಎಂದು ಕೇಳಬೇಡಿ, ನನ್ನನ್ನು ನಾನೇ ಕೇಳಿ ಸಾಕಾಗಿದೆ. ಅಷ್ಟು ಚಂದದ ಕೆಲಸ ಯಾರೂ ನೋಡದೆ ಕೂತಿರುವುದನ್ನು ನನಗೆ ಸಹಿಸಲಾಗಲಿಲ್ಲ. ಪುಟದ ಕೆಳಗೆ ಎಷ್ಟು ಜನ ನೋಡಿದರೆಂದು ಎಣಿಸುವ ಪೆಟ್ಟಿಗೆಯಿತ್ತು. ಅದರಲ್ಲಿ ಹತ್ತೊಂಬತ್ತು ಎಂದಿತ್ತು, ಹದಿನೈದು ಸಲ ನೋಡಿದವಳು ನಾನೇ. ಯಾವನು ನೋಡುತ್ತಾನೆ ಎಂದುಕೊಂಡೆ. ಇನ್ನೂ ಎರಡು ಹೊಸತು ಸೇರಿಸಿದ್ದೆ: ಬಂದವರು ಅನಿಸಿಕೆ ಬರೆಯಲು ಒಂದು ಪುಟ, ಮತ್ತು 'ಈ ವಾರ ನಾವು ಎಲ್ಲಿ' ಎಂಬ ಪುಟ. ಗಿರಾಕಿಗಳಿಗೆ ಅನುಕೂಲವಾಗಲೆಂದು ಜಂಬಯ್ಯ ಯಾವ ದಿನ ಯಾವ ಊರಿನ ಮದುವೆಯಲ್ಲಿರುತ್ತಾರೆ ಎಂದು ಬರೆದಿದ್ದೆ.

ಎರಡು ದಿನಕ್ಕೆ ಮೊದಲ ಅನಿಸಿಕೆ ಬಂತು. ಹೆಸರಿರಲಿಲ್ಲ. 'ಫೋಟೋ ಭಾಳ ಚಲೋ ಅದಾವ. ಹಳೇ ಫಿಲ್ಮು ಇನ್ನೂ ಇಟ್ಟೀರೇನು?' ನನಗೆ ಕುಣಿಯುವಂತಾಯಿತು. ತಕ್ಷಣ ಉತ್ತರ ಬರೆದೆ. 'ಎಲ್ಲ ಇದೆ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಡಬ್ಬಗಳಲ್ಲಿ, ಇಸವಿವಾರು ಚೀಟಿ ಅಂಟಿಸಿ ಜೋಪಾನ ಮಾಡಿದ್ದೇವೆ. ನಮ್ಮಲ್ಲಿ ಬಿಟ್ಟರೆ ಇನ್ನೆಲ್ಲೂ ಸಿಗದು.' ಈ ಕೊನೆಯ ಸಾಲು ಬರೆದು ಎಷ್ಟು ಚೆನ್ನಾಗಿದೆ ಎಂದು ನಾನೇ ಎರಡು ಸಲ ಓದಿಕೊಂಡೆ.

ಅವತ್ತು ಸಂಜೆ ಎಣಿಕೆ ನಲವತ್ತೊಂದು. ಮರುದಿನ ಮಧ್ಯಾಹ್ನ ಇನ್ನೂರ ಮೂವತ್ತು. ಹೊಸ ಅನಿಸಿಕೆ ಒಂದೂ ಇಲ್ಲ. ಯಾರೋ ಮಾತಾಡದೆ ಬಂದು ಬಂದು ನೋಡಿ ಹೋಗುತ್ತಿದ್ದರು. ತೆಗೆದುಬಿಡಲೇ ಎಂದು ಆಗ ಮೊದಲ ಸಲ ಅನಿಸಿತು, ಆದರೂ ತೆಗೆಯಲಿಲ್ಲ.

ಬುಧವಾರ ಕಂಪ್ಲಿಯಲ್ಲಿ ಮದುವೆ. ಪುಟದಲ್ಲಿ ಹಾಗೇ ಬರೆದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಚಿತ್ತವಾಡ್ಗಿಯಿಂದ ಫೋನು ಬಂತು, ಓಡಿದೆ. ಮುಂದಿನ ಕೋಣೆಗೆ ಏನೂ ಆಗಿರಲಿಲ್ಲ. ದೀಪದ ಕೊಡೆ, ಕುರ್ಚಿ, ಪರದೆ ಎಲ್ಲ ಇದ್ದ ಹಾಗೇ ಇದ್ದವು. ಹಿಂದಿನ ಕೋಣೆ ಮಾತ್ರ ಸುಟ್ಟು ಕರಕಾಗಿತ್ತು. ವೈರಿಂಗ್ ಹಳೆಯದು, ಕರೆಂಟಿನಿಂದ ಹತ್ತಿಕೊಂಡಿದೆ ಎಂದು ಯಾರೋ ಅಂದರು. ಅವತ್ತು ಬೆಳಗಿನಿಂದ ಆ ಬೀದಿಯಲ್ಲಿ ಕರೆಂಟೇ ಇರಲಿಲ್ಲ. ಡಬ್ಬಗಳು ಸಾಲಾಗಿ ನೆಲದ ಮೇಲಿದ್ದವು. ಒಂದೊಂದರ ಮುಚ್ಚಳವನ್ನೂ ತೆಗೆದು ಪಕ್ಕದಲ್ಲಿ ಇಟ್ಟಿದ್ದರು.

ಜಂಬಯ್ಯ ಕಂಪ್ಲಿಯಿಂದ ಬಂದಾಗ ಅವರ ಹೆಗಲ ಮೇಲೆ ಅಕ್ಷತೆ ಕಾಳು ಇನ್ನೂ ಇದ್ದವು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ನಿನ್ ಕಂಪ್ಯೂಟರ್ನಾಗ ಅದಾವಲ್ಲ? ಮೂವತ್ನಾಕೂ?"

"ಅದಾವ ಕಾಕಾ."

"ಸಾಕು ಬಿಡು. ಸೋಮವಾರಕ್ಕ ದೊಡ್ಡವು ಪ್ರಿಂಟ್ ಹಾಕಿ ತಾ. ಈಗ ಇರೋದು ನಿನ್ ಹತ್ರ ಅಷ್ಟ."

ನಾನೇ ಹಾಕಿಬಿಟ್ಟೆ ಕಾಕಾ, ಡಬ್ಬ ಎಲ್ಲಿವೆ ಎಂದು ನಾನೇ ಹೇಳಿದೆ ಎನ್ನಲು ಬಾಯಿ ಬರಲಿಲ್ಲ. ಊರೆಲ್ಲ ಬೈಯುವ ಬಾಯಿ ಇದು. ಮನೆಗೆ ಹೋಗಿ ಆ ಆಟವನ್ನು ಪುಟದಿಂದ ತೆಗೆದೆ, ಬಚ್ಚಲಿಗೆ ಹೋಗಿ ಅತ್ತೆ.

ಶುಕ್ರವಾರ ಒಬ್ಬಾತ ನನ್ನ ಅಂಗಡಿಗೆ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಈ ಊರಲ್ಲಿ ಮಧ್ಯಾಹ್ನ ಮೂರಕ್ಕೆ ಅಂಗಿ ಬೆಳ್ಳಗಿರುವುದು ಎಸಿ ಕಾರಿನಿಂದ ಇಳಿದವರದು ಮಾತ್ರ. ಹೆಸರು ಮಲ್ಲೇಶ್, ಕಂಪನಿಯ ಹೊರಗಿನ ಕೆಲಸ ನೋಡಿಕೊಳ್ಳುವವನು ಎಂದು ಹೇಳಿಕೊಂಡ. ಚಹಾ ತರಿಸಿದೆ.

"ನಿಮ್ಮ ವೆಬ್‌ಸೈಟ್ ಭಾಳ ಮಸ್ತ್ ಐತ್ರಿ" ಎಂದ. "ಅನಿಸಿಕೆ ಬರದಿದ್ದೆ. ನೀವೂ ಜಲ್ದಿ ಉತ್ತರ ಕೊಟ್ರಿ. ಇಷ್ಟು ವಿವರವಾಗಿ ಯಾರೂ ಹೇಳಂಗಿಲ್ಲ ನೋಡ್ರಿ ಈಗಿನ ಕಾಲದಾಗ."

ನಾನು ಲೋಟ ಕೆಳಗಿಟ್ಟೆ. ಆತ ಅದನ್ನು ನೋಡಿದ.

"ಒಂದ್ ಸಣ್ಣ ತಪ್ಪಾಗೈತಿ. ಹಳೇ ಫೋಟೋದಾಗ ಕಲ್ಲು ಅದರ ಜಾಗದಾಗಿಲ್ಲ. ಸ್ಕ್ಯಾನ್ ಮಾಡುವಾಗ ಏನೋ ಆಗಿರಬೇಕು. ಈಗ ಹೆಂಗ ಐತಿ, ಮೊದಲಿಂದ ಹಂಗ ಇತ್ತು. ಸರಿ ಮಾಡಿ, ಮತ್ತ ಪುಟಕ್ಕ ಹಾಕ್ರಿ. ಪ್ರಿಂಟೂ ಅದರದ ಕೊಡ್ರಿ. ನಿಮ್ಮ ಕೈಚಳಕ ಊರಿಗೇ ಗೊತ್ತೈತಿ."

"ನಾ ಅಂಥಾ ಕೆಲಸ ಮಾಡಂಗಿಲ್ರಿ" ಎಂದೆ. ಮೊದಲಿನ ನನ್ನ ದನಿ ಅದಾಗಿರಲಿಲ್ಲ.

"ಅಂದಾನಪ್ಪಾರು ನಿಮ್ಮ ತಂದಿಯಲ್ರಿ? ಯಶವಂತನಗರದಿಂದ ಕಂಪನಿ ಬಸ್ ಹೊಡಿತಾರಲ್ಲ. ಇವತ್ತು ಮುಂಜಾನೆ ನಾ ಅವರ ಬಸ್ಸಿನಾಗ ಬಂದೆ. ಏನ್ ನಾಜೂಕು ಕೈ ರಿ! ನಲವತ್ತು ಮಂದಿ ಕುಂತಿರ್ತಾರ. ಆ ಘಾಟಿ ತಿರುವಿನಾಗ ಬ್ರೇಕ್ ನೋಡ್ಕೊಂಡು ಹೊಡಿಯಾಕ ಹೇಳ್ರಿ ಅವರಿಗೆ." ಚಹಾ ಪೂರ್ತಿ ಕುಡಿದ. "ಹಂಗ ವೆಬ್‌ಸೈಟಿನ ಪಾಸ್‌ವರ್ಡ್ ಒಂದು ಚೀಟಿ ಮ್ಯಾಲ ಬರದು ಕೊಡ್ರಿ. ಮುಂದ ನಿಮಗ ತೊಂದ್ರಿ ಬ್ಯಾಡ."

ಬರೆದುಕೊಟ್ಟೆ. ಆತ ಚೀಟಿ ಮಡಚಿ ಜೇಬಿಗಿಟ್ಟು, ಲೋಟವನ್ನು ತಟ್ಟೆಯ ನಡುವೆ ಸರಿಯಾಗಿ ಕೂರಿಸಿ ಹೋದ.

ಸಂಜೆ ಅಪ್ಪ ಬಂದಾಗ ಕೇಳಿದೆ, ಬಸ್ಸು ಹೇಗಿದೆ ಎಂದು. ನಕ್ಕ. "ಯಾಕಲೇ, ನೀ ಹೊಡಿತೀ ಏನು?" ಆಮೇಲೆ ನೆನಪಾದವನಂತೆ ಅಂದ: "ನಿನ್ನಿ ನನಗ ಹೇಳದ ಗ್ಯಾರೇಜಿನವ್ರು ಬಸ್ ಒಯ್ದಿದ್ರು. ಬ್ರೇಕ್ ಚೆಕ್ ಅಂತ. ನಾ ಕೇಳೇ ಇರಲಿಲ್ಲ." ಎರಡು ದಿನ ರಜೆ ಹಾಕು ಅಂದೆ. ಹುಚ್ಚಿ, ಕೂಲಿಯವರು ನಡೆದು ಹೋಗಬೇಕೇನು ಎಂದು ಗದರಿ ಊಟಕ್ಕೆ ಕೂತ.

ಶನಿವಾರ, ಭಾನುವಾರ ಅಂಗಡಿಯ ಶಟರ್ ಎಳೆದುಕೊಂಡು ಕೂತೆ. ಕಲ್ಲೊಂದೇ ಆಗಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಪ್ರತಿ ಕಲ್ಲಿನ ಮೇಲೂ ಒಂದು ಹೆಣ್ಣಿನ ಕೈಯಿತ್ತು. ಕಲ್ಲು ಸರಿಯಬೇಕಾದರೆ ಹೆಣ್ಣೂ ಸರಿಯಬೇಕು, ಗಂಡೂ ಸರಿಯಬೇಕು. ಮೂವತ್ತೊಂದು ಜೋಡಿಗಳನ್ನು ಬೇವಿನ ಮರದಿಂದ ಕತ್ತರಿಸಿ ಎಡಕ್ಕೆ, ಬಯಲಿಗೆ ತಂದು ನಿಲ್ಲಿಸಿದೆ. ಅವರಿದ್ದ ಜಾಗದಲ್ಲಿ ಹುಲ್ಲು ತುಂಬಿದೆ. ಬೆಳಕು ಯಾವ ಕಡೆಯದೆಂದು ಒಂದೊಂದನ್ನೂ ನೋಡಿದೆ, ಜಂಬಯ್ಯನವರ ಕಣ್ಣು ನೆನಪಿಟ್ಟುಕೊಂಡೇ ನೋಡಿದೆ. ಕೊನೆಗೆ ಉಳಿದದ್ದು ಉಚ್ಚೆಂಗಮ್ಮ. ಅಮ್ಮಾ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಆಕೆಯನ್ನೂ ಸರಿಸಿದೆ. ಆಕೆ ಅಲ್ಲೂ ಹಾಗೇ ನಗುತ್ತಿದ್ದಳು. ಎಲ್ಲ ಪುಟಕ್ಕೆ ಏರಿಸಿ, ಪ್ರಿಂಟು ತೆಗೆದೆ.

ಸೋಮವಾರ ಬಸರಿಮಟ್ಟಿ. ಊರವರು ಒಂದು ಕಡೆ, ಕಂಪನಿಯವರು ಒಂದು ಕಡೆ. ಸರ್ವೆಯವರನ್ನೂ ಅವರ ಸಾಮಾನನ್ನೂ ಕಂಪನಿ ಬಸ್ಸಿನಲ್ಲೇ ಕರೆತಂದಿದ್ದರು. ಬಸ್ಸಿನ ಸ್ಟೀರಿಂಗ್ ಹಿಡಿದು ಕೂತಿದ್ದವನು ನಮ್ಮಪ್ಪ. ನನ್ನನ್ನು ನೋಡಿ ಕೈ ಎತ್ತಿದ.

ಜಂಬಯ್ಯನವರಿಗೆ ಪ್ರಿಂಟಿನ ಲಕೋಟೆ ಕೊಟ್ಟೆ. ಅವರು ಬಿಚ್ಚದೆ ನೇರ ಸರ್ವೆ ಸಾಹೇಬರ ಕೈಗೆ ಕೊಟ್ಟರು. ನನ್ನ ಮೇಲೆ ಅಷ್ಟು ನಂಬಿಕೆ. ಸಾಹೇಬರು ಮೂರು ಕುಳಿಯ ಬಂಡೆಯ ಮೇಲೆ ನಿಂತು ಒಂದೊಂದೇ ಫೋಟೋವನ್ನು ಗುಡ್ಡದ ಎದುರು ಹಿಡಿದರು. ಸೀಳುಬಂಡೆಗೆ ಸೀಳುಬಂಡೆ, ಕಲ್ಲಿಗೆ ಕಲ್ಲು. ಮಲ್ಲೇಶ್ ಲ್ಯಾಪ್‌ಟಾಪ್ ತೆರೆದು ತೋರಿಸಿದ, "ಸ್ಟುಡಿಯೋದವರ ವೆಬ್‌ಸೈಟಿನಾಗೂ ಹಿಂಗ ಐತ್ರಿ ಸರ್."

"ಕಲ್ಲು ಇದ್ದಲ್ಲೇ ಇದೆಯಲ್ಲಮ್ಮ" ಎಂದರು ಸಾಹೇಬರು ಹುಲುಗಮ್ಮನಿಗೆ.

"ಇಲ್ರಿ ಯಪ್ಪಾ, ನಾ ಕಣ್ಣಾರೆ ನೋಡೀನಿ ಕಂಪ್ಯೂಟರ್ನಾಗ" ಎಂದು ಆಕೆ ನನ್ನ ಕಡೆ ತಿರುಗಿದಳು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಜಂಬಯ್ಯ ಮೊದಲ ಫೋಟೋ ಕೈಗೆ ತೆಗೆದುಕೊಂಡರು. ಕಣ್ಣಿನ ಹತ್ತಿರ ತಂದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ತಲೆ ಎತ್ತಿ ಬಸ್ಸಿನ ಕಡೆ ನೋಡಿದರು. ಮಲ್ಲೇಶ್ ಬಾಗಿಲ ಹತ್ತಿರ ಹೋಗಿ ನಿಂತು ಅಪ್ಪನ ಜೊತೆ ಏನೋ ನಗುತ್ತ ಮಾತಾಡುತ್ತಿದ್ದ.

"ಈ ಫೋಟೋಗಳು ನಿಮ್ಮವೇನಾ?" ಎಂದು ಸಾಹೇಬರು ಕೇಳಿದರು.

"ನನ್ನವ" ಎಂದರು ಜಂಬಯ್ಯ.

"ಭಾವಾ..." ಎಂದ ಹುಲುಗಮ್ಮ ಹೊಲದ ಬದುವಿನ ಮೇಲೆ ಕೂತುಬಿಟ್ಟಳು. ಆಳೊಬ್ಬ ಕಲ್ಲಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದ. ಅರಿಶಿನದ ಮೇಲೇ ಬರೆದ.

ಜಂಬಯ್ಯ ಯಾರ ಗಾಡಿಯನ್ನೂ ಹತ್ತದೆ ನಡೆದು ಹೊರಟರು. ಓಡಿ ಹೋಗಿ ಹಿಡಿದೆ. ಕಾಕಾ, ಕಾಕಾ ಎಂದೆ. ಅವರು ನಿಂತು, ತಮ್ಮ ಮದುವೆಯ ಪ್ರಿಂಟನ್ನು ನನ್ನ ಕೈಗೆ ಕೊಟ್ಟರು. ಉಚ್ಚೆಂಗಮ್ಮನ ಹೆಗಲ ಮೇಲೆ ಬೆರಳಿಟ್ಟು ತೋರಿಸಿದರು.

"ಇದು ಸೀರಿ ಹೂವಲ್ಲವ್ವ. ಅಕಿದು ಬರೇ ಹಳದಿ ಸೀರಿ. ಹೂವಿಂದು ತರಾಕ ಅವರಪ್ಪನ ಕಡೆ ಆಗಲಿಲ್ಲ. ಬಿಸಲು ಭಾಳ ಐತಿ ಅಂತ ಬೇವಿನ ಕೆಳಗ ಸರದು ನಿಂತಿದ್ಲು. ಇವು ಎಲಿ ನೆಳ್ಳು."

ನೋಡಿದೆ. ಮರ ಅಷ್ಟು ದೂರದಲ್ಲಿ ಬಲಕ್ಕಿತ್ತು. ಬಟಾಬಯಲಲ್ಲಿ ನಿಂತ ಉಚ್ಚೆಂಗಮ್ಮನ ಹೆಗಲ ಮೇಲೆ ಬೇವಿನ ಎಲೆಗಳ ನೆರಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

"ಮತ್ಯಾಕ ಹೇಳಲಿಲ್ಲ ಕಾಕಾ ಅಲ್ಲಿ?"

"ನಿಮ್ಮಪ್ಪನ್ನ ನೋಡ್ದೆ" ಎಂದರು. ಮತ್ತೆ ಫೋಟೋ ಕಡೆ ಕೈ ತೋರಿಸಿ, "ಒಂದ್ ಕೆಲಸ ಮಾಡು. ಅಕಿನ್ನ ಮಾತ್ರ ಆ ವೆಬ್‌ಸೈಟಿಂದ ತಗಿ. ಅಕಿ ಅಲ್ಲಿ ನಿಂತಿರಲಿಲ್ಲ" ಎಂದರು.

ತೆಗೀತೀನಿ ಕಾಕಾ, ಇವತ್ತೇ ತೆಗೀತೀನಿ ಎಂದು ಆಣೆ ಮಾಡಿದೆ. ಅಂಗಡಿಗೆ ಬಂದು ಚಪ್ಪಲಿ ಬಿಡದೆ ಕಂಪ್ಯೂಟರ್ ಹಚ್ಚಿದೆ. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಹಾಕಿದೆ, ತಪ್ಪು. ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಹಾಕಿದೆ. ತಪ್ಪು ಎಂದಿತು.

ಆ ಪುಟ ಇನ್ನೂ ಹಾಗೇ ಇದೆ. ನಾನು ಬರೆದ ಗುಡ್ಡದ ಗೆರೆ, ಅದರ ಕೆಳಗೆ ಮೊದಲ ಫೋಟೋ. ಉಚ್ಚೆಂಗಮ್ಮ ಕಲ್ಲಿನ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ. ನಾನು ದಿನಾ ಒಂದು ಸಲ ಹೋಗಿ ನೋಡುತ್ತೇನೆ, ಕೆಳಗಿನ ಎಣಿಕೆ ದಿನಾ ಒಂದು ಹೆಚ್ಚುತ್ತದೆ.